ಮೆಡಿಕಲ್ ಕಾಲೇಜ್ ಆಸ್ಪತ್ರೇಲಿ ಮಗೂನ ನೋಡ್ತಿರೋರು ಪೂರ್ತಿ ಡಾಕ್ಟ್ರೋ, ಇನ್ನೂ ಓದ್ತಿರೋರೋ?

ಎಲ್ರಿಗೂ ನಮಸ್ಕಾರ. ನನ್ನ ಮಗಳಿಗೆ ಎಂಟು ತಿಂಗಳು, ನ್ಯುಮೋನಿಯಾ ಅಂತ ಮೂರು ದಿನದಿಂದ ನಮ್ಮ ಕಡೆ ಒಂದು ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೇಲಿ ಅಡ್ಮಿಟ್ ಆಗಿದಾಳೆ. ನಿನ್ನೆ ಆಕ್ಸಿಜನ್ ತೆಗೆದ್ರು, ಈಗ ಪರವಾಗಿಲ್ಲ. ಆದ್ರೆ ಬೆಳಿಗ್ಗೆ ಒಬ್ರು ಬರ್ತಾರೆ ಮಧ್ಯಾಹ್ನ ಇನ್ನೊಬ್ರು ರಾತ್ರಿ ಮತ್ತೊಬ್ರು, ಎಲ್ಲಾ ನನ್ನ ತಮ್ಮನ ವಯಸ್ಸಿನೋರು, ಒಬ್ಬೊಬ್ರೂ ಮೊದಲಿಂದ ಕೇಳ್ತಾರೆ ಜ್ವರ ಯಾವತ್ತು ಬಂತು ಹುಟ್ಟಿದಾಗ ತೂಕ ಎಷ್ಟಿತ್ತು ಅಂತ. ನಿನ್ನೆ ರಾತ್ರಿ ಬಂದ ಹುಡುಗನಿಗೆ ಕನ್ನಡಾನೂ ಸರಿಯಾಗಿ ಬರ್ತಿರ್ಲಿಲ್ಲ. ನಮ್ಮತ್ತೆ ಪ್ರೈವೇಟಿಗೆ ಹೋಗೋಣ, ಇಲ್ಲಿ ಹುಡುಗ್ರು ನಮ್ಮ ಮಗು ಮೇಲೆ ಕಲೀತಾರೆ ಅಂತ ಒಂದೇ ಸಮ ಹೇಳ್ತಿದಾರೆ. ಇವ್ರೆಲ್ಲಾ ಮಕ್ಕಳ ಡಾಕ್ಟ್ರೇನಾ? ತೀರ್ಮಾನ ತಗೊಳೋದು ಯಾರು?

ಉತ್ತರ 1
ಮೇಡಂ, ನಾನು ಪೀಡಿಯಾಟ್ರಿಕ್ಸಲ್ಲೇ, ಅಂದ್ರೆ ಮಕ್ಕಳ ವಿಭಾಗದಲ್ಲೇ, ಎಂಡಿ ಮಾಡಿದೋನು, ಇಂಥ ವಾರ್ಡಲ್ಲಿ ಮೂರು ವರ್ಷ ಕಳೆದಿದೀನಿ. ನಿಮ್ಮ ಬೆಡ್ ಹತ್ರ ಬರೋರಲ್ಲಿ ಹೆಚ್ಚಿನೋರು ಪಿಜಿಗಳು (ಪೋಸ್ಟ್ ಗ್ರಾಜುಯೇಟ್ ಓದ್ತಿರೋರು). ಅಂದ್ರೆ ನಾಲ್ಕೂವರೆ ವರ್ಷ ಎಂಬಿಬಿಎಸ್, ಒಂದು ವರ್ಷ ಇಂಟರ್ನ್‌ಶಿಪ್ ಮುಗಿಸಿ, ಮೆಡಿಕಲ್ ಕೌನ್ಸಿಲಲ್ಲಿ ರಿಜಿಸ್ಟರ್ ಆಗಿ, ಪಿಜಿ ನೀಟ್ ಬರೆದು ಮಕ್ಕಳ ವಿಭಾಗಕ್ಕೇ ಬಂದೋರು. ಡಾಕ್ಟ್ರು ಹೌದು, ಸ್ಪೆಷಲಿಸ್ಟ್ ಆಗ್ತಿದಾರೆ. ಎಂಡಿ ಮೂರು ವರ್ಷ, ಡಿಸಿಎಚ್ (ಮಕ್ಕಳ ವಿಭಾಗದ ಡಿಪ್ಲೊಮಾ) ಆದ್ರೆ ಎರಡು. ಆ ಅವಧೀಲಿ ಓಪಿಡಿ, ವಾರ್ಡ್, ಎನ್ಐಸಿಯು (ಹುಟ್ಟಿದ ಕೂಸುಗಳ ಐಸಿಯು), ಪಿಐಸಿಯು (ದೊಡ್ಡ ಮಕ್ಕಳ ಐಸಿಯು) ಎಲ್ಲಾ ಸುತ್ತಬೇಕು, ಥೀಸಿಸ್ ಬರೀಬೇಕು, ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗೂ ಹೋಗ್ಬೇಕು (ಹಾಗಾಗಿ ನಿನ್ನೆ ಇದ್ದ ಡಾಕ್ಟ್ರು ಇವತ್ತು ಕಾಣಲ್ಲ).

ಕನ್ನಡದ ವಿಷಯ: ಸರ್ಕಾರಿ ಕಾಲೇಜಿನ ಪಿಜಿ ಸೀಟಲ್ಲಿ ಅರ್ಧ ಆಲ್ ಇಂಡಿಯಾ ಕೋಟಾಗೆ ಹೋಗುತ್ತೆ, ರಾಜಸ್ಥಾನ, ಕೇರಳ ಎಲ್ಲೆಲ್ಲಿಂದ್ಲೋ ಬರ್ತಾರೆ. ಅವ್ರು ಕೇಳಿದ್ದು ಅರ್ಥ ಆಗದಿದ್ರೆ ಸುಮ್ನೆ ತಲೆ ಆಡಿಸ್ಬೇಡಿ, ಸಿಸ್ಟರ್ನ ಕರೀರಿ.

ತೀರ್ಮಾನ ಯೂನಿಟ್‌ದು, ಅಂದ್ರೆ ಒಬ್ಬ ಚೀಫ್ ಕೆಳಗಿನ ಡಾಕ್ಟ್ರ ತಂಡದ್ದು. ನೀವು ಬಂದ ದಿನ ಯಾವ ಯೂನಿಟ್ ಡ್ಯೂಟಿ ಇತ್ತೋ ಮಗು ಆ ಯೂನಿಟ್‌ಗೆ ಸೇರಿರುತ್ತೆ, ಕೇಸ್ ಶೀಟ್ ಮೇಲೇ ಬರೆದಿರ್ತಾರೆ. ಮೇಲೆ ಯೂನಿಟ್ ಚೀಫ್, ಪ್ರೊಫೆಸರೋ ಅಸೋಸಿಯೇಟೋ ಇರ್ತಾರೆ, ಅವರ ಕೆಳಗೆ ಅಸಿಸ್ಟೆಂಟ್ ಪ್ರೊಫೆಸರ್, ಎಂಡಿ ಮುಗಿಸಿದ ಸೀನಿಯರ್ ರೆಸಿಡೆಂಟ್, ಆಮೇಲೆ ಪಿಜಿ, ಇಂಟರ್ನ್. ಬೆಳಿಗ್ಗೆ ರೌಂಡ್ಸಲ್ಲಿ ಆಂಟಿಬಯೋಟಿಕ್ ಬದಲಾಯಿಸೋದು ಡಿಸ್ಚಾರ್ಜ್ ಎಲ್ಲಾ ಸೀನಿಯರ್ ನೋಡಿಯೇ ಹೇಳೋದು.

ಮತ್ತೆ ಮತ್ತೆ ಕೇಳೋದ್ರ ಬಗ್ಗೆ ಒಂದು ಹೇಳ್ತೀನಿ. ಒಂದೂವರೆ ವರ್ಷದ ಮಗು, ಕೆಮ್ಮು ದಮ್ಮು ಅಂತ ಬಂದಿತ್ತು, ನಾವಿಬ್ರು ಪಿಜಿಗಳು ಕೇಳಿದಾಗ ಬರದ ಮಾತು ಇಂಟರ್ನ್ ಹುಡುಗಿ ಕೂತು ಕೇಳಿದಾಗ ಅಜ್ಜಿ ಬಾಯಿಂದ ಬಂತು, ಹದಿನೈದು ದಿನದ ಹಿಂದೆ ಕಡ್ಲೆಬೀಜ ತಿಂತಾ ಕೆಮ್ಮಿ ಮುಖ ನೀಲಿ ಆಗಿತ್ತಂತೆ. ಬ್ರಾಂಕೋಸ್ಕೋಪಿ (ಕೊಳವೆ ಹಾಕಿ ಶ್ವಾಸನಾಳದ ಒಳಗೆ ನೋಡೋದು) ಮಾಡಿದ್ರೆ ಬಲಗಡೆ ಶ್ವಾಸನಾಳದಲ್ಲಿ ಅರ್ಧ ಬೀಜ.

ಉತ್ತರ 2
ಅಕ್ಕಾರ, ನಾ ಮಕ್ಕಳ ವಾರ್ಡ್‌ನಾಗ ಸ್ಟಾಫ್ ನರ್ಸ್ ಅದೀನ್ರಿ. ಹೊರಗಿಂದ ಬಂದ ಪಿಜಿಗಳಿಗೆ ಹಾಲು ಕುಡಿತೇತೇನು, ಉಚ್ಚಿ ಎಷ್ಟ ಸಲ ಹೊಯ್ತು ಅಂತ ಕೇಳೂದು ನಾವ ಕಲಸೂದು. ಹುಡುಗ್ರು ಅಂತ ಅಂಜಬ್ಯಾಡ್ರಿ. ಚಲೋ ಪಿಜಿ ಹೆಂಗ ಗೊತ್ತಾಕ್ಕಾರ ಅಂದ್ರ, ಸ್ಟೆತ್ ಹಚ್ಚೂಕಿಂತ ಮೊದ್ಲ ಕೂಸಿನ ಅಂಗಿ ಎತ್ತಿ ಪೂರಾ ಒಂದ ನಿಮಿಷ ಉಸುರು ಎಣಸ್ತಾರ. ನಿಮ್ಮ ಕೂಸಿನ ವಯಸ್ಸಿಗೆ ನಿಮಿಷಕ್ಕ 50 ಮುಟ್ಟಿತಂದ್ರ ಜೋರು ಅಂತ ಲೆಕ್ಕ. ಅದು ಅಳೂ ಮುಂದ ಎಣಿಸಿದ್ರ ತಪ್ಪ ಬರ್ತದ, ನೀವು ಎದೀಗೆ ಹಾಕ್ಕೊಂಡ ಸುಮ್ಮ ಮಾಡ್ರಿ. ದಿನಾ ತೂಕ ಯಾಕ ನೋಡ್ತಾರ ಅಂದ್ರ ಮಕ್ಕಳಿಗೆ ಎಲ್ಲಾ ಔಷಧಿ ತೂಕದ ಮ್ಯಾಲ.

ಉತ್ತರ 3
ಎಲ್ಲಾ ಸರಿ, ಆದ್ರೆ ನನ್ನ ಮಗನಿಗೆ ಒಂದು ಆಸ್ಪತ್ರೇಲಿ ಐವಿ (ನರಕ್ಕೆ ಹಾಕೋ ಸೂಜಿ) ಹಾಕೋಕೆ ಇಬ್ರು ಸೇರಿ ಐದು ಸಲ ಚುಚ್ಚಿದ್ರು, ಎರಡೂ ಕೈ ಊದಿತ್ತು, ನಾನು ಹೊರಗೆ ನಿಂತು ಅತ್ತಿದೀನಿ. ಆಮೇಲೆ ಸೀನಿಯರ್ ಬಂದು ಒಂದೇ ಸಲಕ್ಕೆ ಹಾಕಿದ್ರು. ಕಲೀಬೇಕು ಒಪ್ತೀನಿ, ಅದಕ್ಕೊಂದು ಮಿತಿ ಬೇಡ್ವಾ?

ಉತ್ತರ 1ರವರು ಮತ್ತೆ
ಸರ್, ಹಾಗಾಗಬಾರದಿತ್ತು. ಎರಡು ಸಲ ಸಿಗದಿದ್ರೆ ಮೇಲಿನೋರನ್ನ ಕರೀಬೇಕು, ನಮಗೆ ಹಾಗೇ ಹೇಳ್ಕೊಟ್ಟಿದ್ರು. ದಪ್ಪ ಮಗು ಕೈಯಲ್ಲಿ ನರ ಕಾಣೋದೇ ಇಲ್ಲ, ನಿಜಾನೇ, ಆದ್ರೂ ಅಪ್ಪ ಅಮ್ಮ ಎರಡನೇ ಸಲಕ್ಕೆ "ಸೀನಿಯರ್ನ ಕರೀರಿ" ಅಂತ ಧೈರ್ಯವಾಗಿ ಹೇಳಬಹುದು, ಯಾರೂ ತಪ್ಪು ತಿಳ್ಕೊಳಲ್ಲ.

ಪ್ರಶ್ನೆ ಕೇಳಿದವರು
ಎಲ್ರಿಗೂ ತುಂಬಾ ಥ್ಯಾಂಕ್ಸ್. ಕೇಸ್ ಶೀಟ್ ನೋಡಿದೆ, ಮೂರನೇ ಯೂನಿಟ್ ಅಂತಿದೆ. ಇವತ್ತು ರೌಂಡ್ಸಲ್ಲಿ ಚೀಫ್ ಮೇಡಂ ಬಂದಿದ್ರು, ಆ ಕನ್ನಡ ಬರದ ಹುಡುಗನೇ ಪಕ್ಕದಲ್ಲಿ ನಿಂತು ಮಗಳ ಮೂರು ದಿನದ ಕಥೆ, ತೂಕ, ಹಾಕಿಸಿದ ಲಸಿಕೆ ಸಮೇತ ಒಂದೂ ಬಿಡದೆ ಹೇಳಿದ. ಉಸಿರು ಎಣಿಸಿದ್ರು, 42 ಇದೆಯಂತೆ. ಇನ್ನೆರಡು ದಿನ ಇಂಜೆಕ್ಷನ್ ಅಂತ ಹೇಳಿದಾರೆ. ಅತ್ತೆಗೂ ಹೇಳಿದೀನಿ, ಇಲ್ಲೇ ಇರ್ತೀವಿ.