ಸಹಾಯ ಬೇಕು: ಫಿಯೆಟ್ 1100ರ ಬಾಗಿಲಿಗೆ ಹೊಸ ಬೀಡಿಂಗ್ ಕೂರುತ್ತಿಲ್ಲ
ನಮಸ್ಕಾರ. ಮುಂದಿನ ಎಡ ಬಾಗಿಲಿಗೆ ಹೊಸದಾಗಿ ತಯಾರಾದ ಸ್ಟೇನ್‌ಲೆಸ್ ಸ್ಟೀಲ್ ಬೀಡಿಂಗ್ (ಬಾಗಿಲ ಹೊರಮೈಗೆ ಕೂರುವ ಅಲಂಕಾರದ ಪಟ್ಟಿ) ತಂದಿದ್ದೇನೆ. ಕ್ಲಿಪ್‌ಗಳು ಪಟ್ಟಿಯೊಳಗೆ ಜಾರುವುದರಿಂದ ಬಾಗಿಲಿನ ತೂತುಗಳ ಲೆಕ್ಕ ಸರಿಹೋಗಿದೆ, ತೊಂದರೆ ಇರುವುದು ಪಟ್ಟಿಯ ಬಾಗಿನಲ್ಲಿ, ಬಾಗಿಲಿನ ಉಬ್ಬಿಗೆ ಅದು ಸಾಲದು. ನಡುವೆ ಕೂತರೂ ಎರಡೂ ತುದಿ 4 ಮಿ.ಮೀ. ಮೇಲೆದ್ದು ನಿಲ್ಲುತ್ತವೆ. ಬಲವಂತವಾಗಿ ಒತ್ತಿದರೆ ತುದಿಯ ಕ್ಲಿಪ್ ಹಾರಿ ಬರುತ್ತದೆ, ತೂತಿನ ಅಂಚಲ್ಲಿ ಪೇಂಟ್ ಏಳುತ್ತದೆ, ತುಕ್ಕು ಶುರುವಾಗುವುದೇ ಅಲ್ಲಿಂದ.

ಬಟ್ಟೆ ಸುತ್ತಿದ ಮರದ ಮೇಲೆ ಕೈಯಲ್ಲೇ ಬಗ್ಗಿಸಿದರೆ ಪಟ್ಟಿ ಮತ್ತೆ ನೆಟ್ಟಗಾಗುತ್ತದೆ. ಹೆಚ್ಚು ಬಗ್ಗಿಸಿದರೆ ಒಂದೇ ಕಡೆ ಮಡಿಕೆ ಬೀಳುವ ಭಯ, ಆ ಗುರುತು ಪಾಲಿಶ್‌ಗೂ ಹೋಗದು. ಪಟ್ಟಿಯ ಒಳಗಿನ ಸಂದಿಗೆ ಮರದ ರೀಪು ತುಂಬಿ ಬಗ್ಗಿಸಿದರೆ ಅಂಚುಗಳು ಮುಚ್ಚಿಕೊಳ್ಳದೆ ಉಳಿಯುತ್ತವೆಯೇ? ಬೆಂಗಳೂರು, ಮೈಸೂರು ಕಡೆ ರೋಲರ್‌ನಲ್ಲಿ ಬಗ್ಗಿಸಿಕೊಡುವವರಿದ್ದಾರೆಯೇ?

ನೀರು ಇಳಿಯದಂತೆ ತೂತುಗಳಿಗೆ ಬ್ಯುಟೈಲ್ (ರಬ್ಬರಿನಂಥ ಮೆತ್ತನೆಯ ಸೀಲಂಟ್) ಹಾಕುವ ಯೋಚನೆ. ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಅದು ತಗಡು ತಿನ್ನುತ್ತದೆ. ಎರಡೂ ಬದಿ ಅಂಟುವ ಡಬಲ್ ಟೇಪ್ ಸಲಹೆಯೂ ದಯವಿಟ್ಟು ಬೇಡ, ಮೂಲ ಕ್ಲಿಪ್‌ನಲ್ಲೇ ಕೂರಬೇಕು.