ಸಹಾಯ ಬೇಕು: ಯಕ್ಷಗಾನದ ಮಂಡಿಯನ್ನು ರೇಖೆಯಲ್ಲಿ ಹಿಡಿಯುವುದು ಹೇಗೆ?

ಗುಂಪಿನ ಹಿರಿಯ ಚಿತ್ರಕಾರರಿಗೆ ನಮಸ್ಕಾರ. ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿ) ವೇಷಧಾರಿಯೊಬ್ಬರು ಮಂಡಿ ಹಾಕಿ, ಅಂದರೆ ಮೊಣಕಾಲುಗಳ ಮೇಲೆಯೇ, ಗಿರಗಿರನೆ ಸುತ್ತುವ ಗಳಿಗೆಯನ್ನು ಮಸಿ ಮತ್ತು ಕುಂಚದಲ್ಲಿ ಚಿತ್ರಿಸಲು ಹೊರಟಿರುವ ನಾನು, ಎಷ್ಟು ಬಗೆಯಲ್ಲಿ ಪ್ರಯತ್ನಿಸಿದರೂ ಒಂದೇ ಕಡೆ ಬಂದು ನಿಲ್ಲುತ್ತಿದ್ದೇನೆ.

ಮೊದಲಿಗೆ ವಿಡಿಯೊ ನಿಲ್ಲಿಸಿ, ನೋಡಿ ಬರೆದೆ. ಅಂಗಾಂಗಗಳ ಪ್ರಮಾಣ ಸರಿಯಾಗಿ ಬಂದರೂ ವೇಷಧಾರಿ ಸುತ್ತುತ್ತಿರುವಂತೆ ಕಾಣದೆ, ಸುಮ್ಮನೆ ಮಂಡಿಯೂರಿ ಕುಳಿತಂತೆ ಕಾಣುತ್ತಾರೆ. ಬಳಿಕ ರಂಗಸ್ಥಳದ ಎದುರೇ ಕುಳಿತು, ಹಾಳೆಯತ್ತ ನೋಡದೆ, ಚಂಡೆಯ ಪೆಟ್ಟಿಗೆ ಕೈ ಓಡಿದಂತೆ ಗೆರೆ ಎಳೆದೆ. ಅದರಲ್ಲಿ ಓಟವೇನೋ ಇದೆ, ದೇಹದ ಭಾರ ಮಾತ್ರ ಎಲ್ಲಿಯೂ ನೆಲಕ್ಕೆ ತಾಗುವುದಿಲ್ಲ. ಅಂಚುಗಳನ್ನು ನೀರಿನಿಂದ ಮಸುಕಾಗಿಸಿದ್ದೂ ಆಯಿತು, ಆದರೆ ಅದು ನನಗೆ ಅಗ್ಗದ ಉಪಾಯವೆನಿಸಿತು.

ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಚಿತ್ರಕಾರ ಕೆ. ಕೆ. ಹೆಬ್ಬಾರರು (1911–1996) ಲಯವನ್ನು ಅರಿಯಲೆಂದೇ ಪಂಡಿತ ಸುಂದರ ಪ್ರಸಾದರಲ್ಲಿ ಕಥಕ್ ಕಲಿತವರು. ಅವರ ರೇಖಾಚಿತ್ರಗಳಲ್ಲಿ ಕೆಲವೇ ಗೆರೆಗಳಿಂದ ನರ್ತಕಿಯ ಮೈಯೂ ಚಲನೆಯೂ ಒಟ್ಟಿಗೆ ಮೂಡುತ್ತವೆ. ಆದರೆ ಕಥಕ್‌ನ ಚಕ್ಕರ್‌ಗೆ (ನಿಂತು ಸುತ್ತುವ ಸುತ್ತಿಗೆ) ನೆಟ್ಟಗೆ ನಿಂತ ಬೆನ್ನೇ ಅಕ್ಷ. ಮಂಡಿಯಲ್ಲಾದರೋ ಭಾರವು ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ ಸಾಗುತ್ತಲೇ ಇರುತ್ತದೆ, ಮೇಲಾಗಿ ವೇಷಭೂಷಣವು ಹೆಗಲು, ಸೊಂಟಗಳ ತಿರುವನ್ನು ಮುಚ್ಚಿಬಿಡುತ್ತದೆ. ನನಗೆ ಗೊಂದಲವಾಗುತ್ತಿರುವುದು ಇಲ್ಲಿಯೇ.

ಆದ್ದರಿಂದ ಚಲಿಸುವ ದೇಹವನ್ನು ಬರೆದು ಅನುಭವವಿರುವವರು ದಯವಿಟ್ಟು ತಿಳಿಸಿ: ಇಂಥ ಸುತ್ತಿನಲ್ಲಿ ಮೊದಲ ಗೆರೆಯನ್ನು ಭಾರ ಹೊತ್ತ ಮೊಣಕಾಲಿನಿಂದ ಆರಂಭಿಸಬೇಕೇ, ಅಥವಾ ತಿರುಗುವ ದಿಕ್ಕಿಗೆ ಹೊರಳುವ ತಲೆ ಮತ್ತು ಹೆಗಲಿನಿಂದಲೇ?