ಬೇಸಿಕ್ ವಿಭಾಗದ ಹೊಸಬರು ಎರಡನೇ ಸಲ ಬರುತ್ತಿಲ್ಲ: ಸಹಾಯ ಬೇಕು

ಬಳಗದ ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ನಾನು ಸದಸ್ಯನಾಗಿರುವ ಮಾದರಿ ವಿಮಾನ ಕ್ಲಬ್ಬಿನಲ್ಲಿ ಐಮ್ಯಾಕ್ (ಮಾದರಿ ವಿಮಾನಗಳ ಏರೋಬ್ಯಾಟಿಕ್ಸ್ ಸಂಘಟನೆ) ನಿಯಮಗಳಂತೆ ಏರೋಬ್ಯಾಟಿಕ್ಸ್, ಅಂದರೆ ಕಸರತ್ತಿನ ಹಾರಾಟದ, ಸ್ಪರ್ಧೆ ನಡೆಸುತ್ತೇವೆ. ಐದು ವಿಭಾಗಗಳಲ್ಲಿ ಮೊದಲನೆಯದಾದ ಬೇಸಿಕ್‌ನಲ್ಲಿ ನಿಜವಾದ ಏರೋಬ್ಯಾಟಿಕ್ ವಿಮಾನದ ಪಡಿಯಚ್ಚೇ ಬೇಕೆಂಬ ನಿಬಂಧನೆಯಿಲ್ಲ, ಮೊದಲೇ ತಿಳಿಸದ ಚಲನೆಗಳ ಅನುಕ್ರಮವನ್ನು ಹಾರಿಸುವ ಸುತ್ತೂ ಇಲ್ಲ; ಆದರೂ ಹೊಸಬರು ಒಮ್ಮೆ ಬಂದವರು ಮತ್ತೆ ಬರುವುದಿಲ್ಲ.

ಕಳೆದ ಸಲ ಬಂದಿದ್ದ ಹುಡುಗನೊಬ್ಬನ ಲೂಪ್ (ವಿಮಾನ ಮೇಲೇರಿ ಪೂರ್ತಿ ವೃತ್ತ ಸುತ್ತುವ ಚಲನೆ) ಗಾಳಿಗೆ ಸಿಕ್ಕಿ ಮೊಟ್ಟೆಯಾಕಾರವಾಯಿತು. ಮುಂದಿನ ಚಲನೆಯನ್ನು ಗಾಬರಿಯಲ್ಲಿ ತಪ್ಪು ದಿಕ್ಕಿಗೆ ತಿರುಗಿಸಿದ್ದರಿಂದ ಅದಕ್ಕೆ ಸೊನ್ನೆ ಬಿತ್ತು. ಅಂಕಪಟ್ಟಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ಅವನು ಮಾತಿಲ್ಲದೆ ಹೊರಟದ್ದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಹಿಂದಿನ ದಿನ ಅಭ್ಯಾಸಕ್ಕೆ ಅವಕಾಶ ಕೊಟ್ಟೆವು, ಬೇಸಿಕ್‌ಗೆ ಪ್ರವೇಶ ಶುಲ್ಕ ತೆಗೆದೆವು, ಪಕ್ಕದಲ್ಲಿ ನಿಂತು ಮುಂದಿನ ಚಲನೆಯನ್ನು ಕೂಗಿ ಹೇಳಲು ಅನುಭವಿಗಳನ್ನು ನಿಲ್ಲಿಸಿದೆವು. ಇವುಗಳಿಂದ ಬರುವವರ ಸಂಖ್ಯೆ ಹೆಚ್ಚಿತೇ ಹೊರತು ಉಳಿಯುವವರದಲ್ಲ. ನನ್ನ ಮಟ್ಟಿಗೆ ಕೊರತೆಯಿರುವುದು ಅಂಕ ಕೊಟ್ಟ ನಂತರದ ಮಾತಿನಲ್ಲಿ: 5 ಎಂಬ ಅಂಕಿಯಿಂದ ರೆಕ್ಕೆ ವಾಲಿತ್ತೇ, ಗೆರೆ ಓರೆಯಾಗಿತ್ತೇ ಎಂಬುದು ಕಲಿಯುವವನಿಗೆ ತಿಳಿಯುವುದಿಲ್ಲ. ಆದರೆ ಪ್ರತಿ ಹಾರಾಟದ ನಂತರ ತೀರ್ಪುಗಾರರು ವಿವರಿಸುತ್ತ ನಿಂತರೆ ಉಳಿದ ವಿಭಾಗಗಳ ಸುತ್ತುಗಳಿಗೆ ಹಗಲು ಸಾಲುವುದಿಲ್ಲ.

ಸ್ಪರ್ಧೆ ನಡೆಸಿ ಅನುಭವವಿರುವವರು ದಯವಿಟ್ಟು ತಿಳಿಸಿ: ಬೇಸಿಕ್‌ನ ಮೊದಲ ಸುತ್ತನ್ನು ಅಂಕವಿಲ್ಲದೆ, ತೀರ್ಪುಗಾರರ ವಿವರಣೆಗಷ್ಟೇ ಮೀಸಲಿಡುವುದು ಸರಿಯೇ, ಅಥವಾ ಅಂಕಗಳನ್ನು ಎಂದಿನಂತೆ ಕೊಟ್ಟು ಸಂಜೆ ಎಲ್ಲ ಹೊಸಬರನ್ನೂ ಒಟ್ಟಿಗೆ ಕೂರಿಸಿ ವಿವರಿಸುವುದು ಮೇಲೇ?